ಶಾಯ್ಲೂಬೆಕ್ ಮತ್ತು ಇಪ್ಪತ್ತೊಂಬತ್ತನೇ ನಂಬರಿನ ಮರಿ

ಶಾಯ್ಲೂಬೆಕ್ ಹುಟ್ಟಿದ್ದು ಚುನಾವಣೆಯ ದಿನ. ಸೋವಿಯತ್ ಕಾಲದ ಚುನಾವಣೆ. ಅವನ ತಾಯಿ ತುಂಬು ಬಸುರಿ, ಮತ ಹಾಕಲು ಸಾಲಿನಲ್ಲಿ ನಿಂತಿದ್ದಾಗಲೇ ನೋವು ಕಾಣಿಸಿಕೊಂಡಿತು. ಆದರೂ ಆ ಪುಣ್ಯಾತ್ಗಿತ್ತಿ ಚೀಟಿಯನ್ನು ಪೆಟ್ಟಿಗೆಗೆ ಹಾಕಿಯೇ ಮನೆಗೆ ಹೋದಳು. ಚೀಟಿಯಲ್ಲಿ ಇದ್ದದ್ದು ಒಂದೇ ಹೆಸರು, ಹಾಗಾಗಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮ ಕಿರ್ಗಿಜ್ ಮಾತಿನಲ್ಲಿ ಶಾಯ್ಲೂ ಅಂದರೆ ಚುನಾವಣೆ. ಮಗುವಿಗೆ ಅದೇ ಹೆಸರಾಯಿತು. ತಲಸ್ ಕಣಿವೆಯಲ್ಲಿ ಈ ಹೆಸರಿನವರು ಇನ್ನೂ ನಾಲ್ಕೈದು ಜನ ಇದ್ದಾರೆ, ಎಲ್ಲರೂ ಭಾನುವಾರ ಹುಟ್ಟಿದವರೇ.

ಆ ಒಂದೇ ಹೆಸರಿನ ಚೀಟಿ ಅವನ ಹಣೆಗೆ ಅಂಟಿಕೊಂಡಿತೋ ಏನೋ. ಅರವತ್ತು ಹತ್ತಿರ ಬಂದರೂ ಎರಡರಲ್ಲಿ ಒಂದನ್ನು ಆರಿಸುವ ಕಷ್ಟ ಅವನಿಗೆ ಬರಲೇ ಇಲ್ಲ. ಬಂದಾಗಲೂ ಮೆಲ್ಲಗೆ ಪಕ್ಕಕ್ಕೆ ಸರಿದುಬಿಡುತ್ತಿದ್ದ. ಸಾಮೂಹಿಕ ಬೇಸಾಯದ ಮೇವಿನ ಉಗ್ರಾಣ ನೋಡಿಕೊಳ್ಳಲು ಮೊದಲು ಅಪ್ಪ ಇದ್ದ, ಅಪ್ಪನ ನಂತರ ಇವನು. ಮದುವೆಗೆ ತಾಯಿ ಒಂದೇ ಫೋಟೋ ತೋರಿಸಿದಳು, ಬುರುಲ್ ಮನೆಗೆ ಬಂದಳು. ಸಾಮೂಹಿಕ ಬೇಸಾಯ ಮುರಿದು ಊರವರು ಆಸ್ತಿ ಹಂಚಿಕೊಂಡ ದಿನ ಒಬ್ಬ ಟ್ರ್ಯಾಕ್ಟರಿಗೆ ಜಗಳವಾಡಿದ, ಇನ್ನೊಬ್ಬ ಹಸುವಿಗೆ ಅಂಗಿ ಹರಿದುಕೊಂಡ. ಶಾಯ್ಲೂಬೆಕ್ ಮಾತ್ರ ಬಾಗಿಲ ಬಳಿ ನಿಂತು, "ಏನು ಉಳಿಯುತ್ತೋ ಅದನ್ನೇ ಕೊಡಿ" ಅಂದ. ಉಳಿದದ್ದು ಮೇವು ತೂಗುವ ದೊಡ್ಡ ಕಬ್ಬಿಣದ ತಕ್ಕಡಿ. ಎಂಟು ಜನ ಸೇರಿ ಅದನ್ನು ಅವನ ಅಂಗಳಕ್ಕೆ ತಂದು ಇಳಿಸಿದರು. ಬುರುಲ್ ಮೂರು ದಿನ ಅವನ ಜೊತೆ ಮಾತಾಡಲಿಲ್ಲ.

ಮೂವತ್ತು ವರ್ಷ ಆ ತಕ್ಕಡಿಯ ಮೇಲೆ ಕೋಳಿಗಳು ಮಲಗಿದವು. ಅದಕ್ಕೂ ಒಂದು ಕಾಲ ಬರುತ್ತದೆಂದು ಯಾರಿಗೆ ಗೊತ್ತಿತ್ತು. ಹೋದ ವರ್ಷ ಆಗಸ್ಟ್ ಕೊನೆಗೆ ತಲಸ್ ಪಟ್ಟಣದಿಂದ ಸಾಲ್ಕಿನ್ ಎಂಬ ಹುಡುಗಿ ಬಂದಳು. ಕುರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ತಕ್ಕಡಿಯನ್ನು ನೋಡಿ, ಕೋಳಿ ಓಡಿಸಿ, ತಾನೇ ಹತ್ತಿ ನಿಂತು ತೂಕ ನೋಡಿಕೊಂಡು, "ಸರಿಯಾಗೇ ತೋರಿಸುತ್ತೆ. ಬಾಯ್ಕೆ, ನನ್ನ ಮರಿಗಳನ್ನ ಮೂರು ತಿಂಗಳು ನೀವು ಸಾಕಿಕೊಡಬೇಕು" ಅಂದಳು. ಹಿರಿಯ ಅಣ್ಣನಂಥವರನ್ನು ನಾವು ಬಾಯ್ಕೆ ಅನ್ನುತ್ತೇವೆ. ಹಾಗೆ ಕರೆದವರಿಗೆ ಇಲ್ಲವೆನ್ನಲು ಶಾಯ್ಲೂಬೆಕ್‌ಗೆ ಯಾವತ್ತೂ ಬಂದದ್ದಿಲ್ಲ.

ಮೂವತ್ತಾರು ಗಂಡು ಮರಿಗಳು, ತಾಯಿಯ ಹಾಲು ಬಿಟ್ಟವು, ಮೂರು ದೊಡ್ಡಿಗಳಲ್ಲಿ ಹನ್ನೆರಡು ಹನ್ನೆರಡು. ಒಂದು ದೊಡ್ಡಿಗೆ ಹೊರದೇಶದಿಂದ ಬರುವ ಸೋಯಾ ಹಿಂಡಿ. ಎರಡನೆಯದಕ್ಕೆ ಹತ್ತಿಕಾಳಿನ ಹಿಂಡಿ. ಮೂರನೆಯದಕ್ಕೆ ನಮ್ಮದೇ ಬೀನ್ಸ್ ಕಾಳು. ನಮ್ಮ ಕಣಿವೆಯಲ್ಲಿ ಬೀನ್ಸ್ ಬಿಟ್ಟು ಬೇರೆ ಬೆಳೆ ಹಾಕಿದವನನ್ನು ಜನ ನಿಂತು ನೋಡುತ್ತಾರೆ. ಒಳ್ಳೆಯ ಕಾಳು ಲಾರಿ ಹತ್ತಿ ಹೋಗುತ್ತದೆ, ನುಚ್ಚು ಮಾತ್ರ ಕಾಳು ಹಸನು ಮಾಡುವ ಯಂತ್ರದ ಕೆಳಗೆ ಗುಡ್ಡೆ ಬೀಳುತ್ತದೆ. ಆ ನುಚ್ಚಿನಲ್ಲೇ ಮರಿ ಬೆಳೆಯುವುದಾದರೆ ದುಬಾರಿ ಸೋಯಾ ಯಾಕೆ ಎಂಬುದು ಸಾಲ್ಕಿನ್‌ಳ ಪ್ರಶ್ನೆ.

"ಬರೀ ತೂಕ ಅಲ್ಲ, ಬಾಯ್ಕೆ," ಅಂತ ಅವಳು ಬಿಡಿಸಿ ಹೇಳಿದಳು. "ಕೆಲವು ಕಾಳುಗಳಲ್ಲಿ ಹೆಣ್ಣಿನ ಹಾರ್ಮೋನನ್ನ ಹೋಲೋ ಒಂದು ವಸ್ತು ಇರುತ್ತೆ. ಸೋಯಾದಲ್ಲಿ ಜಾಸ್ತಿ. ಬೆಳೆಯೋ ಗಂಡು ಮರಿ ದಿನಾ ಅದನ್ನ ತಿಂದ್ರೆ ಒಳಗೆ ಏನಾದ್ರೂ ಏರುಪೇರು ಆಗುತ್ತಾ ಅಂತ ನೋಡ್ಬೇಕು. ಎರಡು ವಾರಕ್ಕೊಂದ್ಸಲ ರಕ್ತ ತಗೋತೀನಿ. ತೊಂಬತ್ತು ದಿನ. ಒಂದು ಮರಿ ತಪ್ಪಿದ್ರೂ ನನ್ನ ಮೂರು ವರ್ಷದ ಕೆಲಸ ಕುಂಟುತ್ತೆ."

"ಮೂವತ್ತಾರು ತಗೊಂಡಿದೀನಿ ತಾಯಿ, ಮೂವತ್ತಾರು ಕೊಡ್ತೀನಿ," ಅಂದ ಶಾಯ್ಲೂಬೆಕ್.

ಮರಿಗಳ ಕಿವಿಗೆ ಹಳದಿ ಬಿಲ್ಲೆ ಹೊಡೆದರು, ಬಿಲ್ಲೆಗೆ ನಂಬರು. ಶಾಯ್ಲೂಬೆಕ್ ಅದನ್ನು ಓಲೆ ಅನ್ನುತ್ತಿದ್ದ. ಬೀನ್ಸನ್ನು ಹಸಿಯಾಗಿ ಕೊಟ್ಟರೆ ವಿಷ, ಚೆನ್ನಾಗಿ ಬೇಯಿಸಬೇಕು. ಆ ಕೆಲಸ ಕಿರಿಯ ಮಗಳು ಉಮ್ಸುನಾಯ್‌ಳ ಪಾಲಿಗೆ ಬಂತು. ಅಂಗಳದ ಒಲೆಯ ಮೇಲೆ ದಿನಕ್ಕೊಂದು ಹಂಡೆ. ಬೆಂದಿದೆಯೋ ಇಲ್ಲವೋ ಎಂದು ಅವಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದಳು, ಅಪ್ಪನೂ ನಾಲ್ಕು ಕಾಳು ತಿನ್ನುತ್ತಿದ್ದ. ತೊಂದರೆ ಶುರುವಾದದ್ದು ಅಲ್ಲಿಂದ.

ಹಾರ್ಮೋನು ಎಂಬ ಮಾತು ಊರಿಗೆ ಹೇಗೆ ಸಿಕ್ಕಿತೋ, ಸಿಕ್ಕಿದ್ದೇ ತಡ ರೆಕ್ಕೆ ಪುಕ್ಕ ಎಲ್ಲಾ ಬಂತು. ಸಾಲ್ಕಿನ್ ಹೇಳಿದ್ದು ಸೋಯಾ ಬಗ್ಗೆ, ಅದೂ ನೋಡಬೇಕು ಅಂತ. ಅಂಗಡಿ ಕಟ್ಟೆಗೆ ಬರುವಷ್ಟರಲ್ಲಿ ಅದು ಮೂರೂ ದೊಡ್ಡಿಗೆ ಹರಡಿತ್ತು. ಮಸೀದಿಯ ಹತ್ತಿರ ಬರುವಷ್ಟರಲ್ಲಿ ಶಾಯ್ಲೂಬೆಕ್‌ನ ಟಗರುಗಳು ಹಾಲು ಕರೆಯುತ್ತಿದ್ದವು. ಅವನ ಮನೆಯಲ್ಲಿ ಚಹಾ ಕುಡಿಯುವುದನ್ನು ಗಂಡಸರು ನಿಲ್ಲಿಸಿದರು. ಎದುರು ಸಿಕ್ಕವರು ಸಲಾಂ ಹೇಳುತ್ತಲೇ ಅವನ ಮೀಸೆಯನ್ನು ಪರೀಕ್ಷಿಸುತ್ತಿದ್ದರು. ಅವನ ಮೀಸೆ ಹರೆಯದಲ್ಲೂ ಅಷ್ಟೇ ಇತ್ತು, ಎಣಿಸಬಹುದಾದಷ್ಟು. ಆದರೆ ಈಗ ಅದಕ್ಕೊಂದು ಕಾರಣ ಸಿಕ್ಕಿತು.

"ಬೆಳಗ್ಗೆ ಎದ್ದಾಗ ದನಿ ಹೇಗಿರುತ್ತೆ ಶಾಯ್ಲೂಬೆಕ್? ಸಣ್ಣಗೆ ಬರುತ್ತಾ?" ಅಂತ ಒಬ್ಬ ಕೇಳಿದ.

"ನಿನ್ನ ಹೆಂಡತಿ ಎದುರು ನಿನ್ನ ದನಿ ಬರುತ್ತಲ್ಲ, ಅಷ್ಟೇ ಸಣ್ಣಗೆ," ಅಂದ ಶಾಯ್ಲೂಬೆಕ್. ನಗುತ್ತಾ ಅಂದರೂ ಮನೆಗೆ ಬಂದು ಒಳಗೊಳಗೇ ನೊಂದುಕೊಂಡ.

ಅವನಿಗೆ ತನ್ನ ಮೀಸೆಯ ಚಿಂತೆ ಇರಲಿಲ್ಲ, ಚಿಂತೆ ಇದ್ದದ್ದು ಉಮ್ಸುನಾಯ್‌ಳದು. ಹೊಳೆಯಾಚೆ ಊರಿನ ಬೀನ್ಸ್ ಹಸನು ಮಾಡುವ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಹುಡುಗ ಮತ್ತು ಅವಳು ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ನುಚ್ಚಿನ ಚೀಲ ತರಲು ಹೋಗಿ ಹೋಗಿ ಆದ ಪರಿಚಯ. ಒಂದು ಚೀಲ ಸಾಕಾಗುವ ದಿನವೂ ಅವಳು ಎರಡು ಸಲ ಹೋಗುತ್ತಿದ್ದಳು. ಹುಡುಗನ ಕಡೆಯವರು ಬಂದು ನೋಡುವುದೆಂದು ಮಾತಾಗಿತ್ತು, ಅಷ್ಟರಲ್ಲಿ ಗಾಳಿಮಾತು ಹೊಳೆ ದಾಟಿತು. ಹುಡುಗಿ ದಿನಾ ಹಾರ್ಮೋನು ಹಂಡೆಯಿಂದ ತಿನ್ನುತ್ತಾಳಂತೆ, ನಾಳೆ ಹುಟ್ಟುವ ಮಕ್ಕಳ ಗತಿಯೇನು ಅಂತ ಹುಡುಗನ ಅಪ್ಪ ತೊರೋಬೆಕ್ ಹಿಂಜರಿದ. ಎರಡು ಸಲ ದಿನ ಗೊತ್ತು ಮಾಡಿ ಎರಡು ಸಲವೂ ಮುಂದೂಡಿದ. ಉಮ್ಸುನಾಯ್ ಹಂಡೆ ತಿರುವುತ್ತಾ ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಶಾಯ್ಲೂಬೆಕ್‌ಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಕೊನೆಗೆ ನವೆಂಬರ್ ಕೊನೆಯಲ್ಲಿ ಅವರು ಬಂದರು. ಮರಿಗಳ ಎಂಬತ್ತನಾಲ್ಕನೇ ದಿನ. ತೊರೋಬೆಕ್, ಜೊತೆಗೆ ಅವನ ತಾಯಿ ಉಲ್ಕಾನ್ ಅಜ್ಜಿ. ಅಜ್ಜಿಗೆ ಎಂಬತ್ತಮೂರು, ಮಾತು ಕಡಿಮೆ, ನೋಟ ಜಾಸ್ತಿ. ತೊರೋಬೆಕ್‌ಗೆ ಎದೆ ಮುಟ್ಟುವ ಗಡ್ಡ. ಒಳಗೆ ಬಂದವನು ಆ ಗಡ್ಡವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ, ಯಾರೋ ಕಿತ್ತುಕೊಂಡು ಹೋಗುತ್ತಾರೇನೋ ಎಂಬಂತೆ.

ಬೀಗರಾಗುವವರು ಬಂದರೆ ಕುರಿ ಕೊಯ್ಯಬೇಕು. ಬೇಯಿಸಿದ ಲಿವರನ್ನೂ ಬಾಲದ ಕೊಬ್ಬನ್ನೂ ಹೋಳು ಮಾಡಿ ಎರಡೂ ಕಡೆಯವರು ತಿಂದರೆ ಸಂಬಂಧ ಗಟ್ಟಿಯಾಯಿತು ಅಂತ ಲೆಕ್ಕ, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ತಿನ್ನದೆ ಎದ್ದರೆ ಅಲ್ಲಿಗೆ ಮುಗಿಯಿತು. ಇದಕ್ಕೆಂದೇ ಶಾಯ್ಲೂಬೆಕ್ ತನ್ನದೇ ನಾಲ್ಕು ವರ್ಷದ ಟಗರನ್ನು ಮನೆಯ ಹಿಂದೆ ಕಟ್ಟಿದ್ದ. ಹೋಗಿ ಹಿಡಿದುಕೊಂಡು ಬಾ ಅಂತ ಬುರುಲ್‌ಳ ತಮ್ಮ ಎಸೆನ್‌ಕುಲ್‌ನನ್ನು ಕಳಿಸಿದ.

ಎಸೆನ್‌ಕುಲ್ ನಲವತ್ತು ದಾಟಿದವನು. ಅಕ್ಕನ ಮನೆಯ ಮರ್ಯಾದೆಯನ್ನು ಅಕ್ಕನಿಗಿಂತ ಜಾಸ್ತಿ ಹೊತ್ತುಕೊಂಡು ತಿರುಗುವವನು. ಹಿಂದೆ ಕಟ್ಟಿದ್ದ ಟಗರಿನ ಬೆನ್ನು ತಡವಿ ನೋಡಿದ, ಮೂಳೆ ಸಿಕ್ಕಿತು. ಇಂಥದ್ದನ್ನು ಬೀಗರ ಮುಂದೆ ನಿಲ್ಲಿಸುವುದೇ ಅಂತ ಅವನಿಗೆ ನಾಚಿಕೆಯಾಯಿತು. ದೊಡ್ಡಿಗಳ ಕಡೆ ಹೋದ. ಅಲ್ಲಿ ಎಲ್ಲಕ್ಕಿಂತ ಮೈತುಂಬಿದ್ದು ಒಂದು ಕಂದು ಮರಿ, ಹಿಂದೆ ಕೊಬ್ಬು ತುಂಬಿದ ದಿಂಬಿನಷ್ಟು ಬಾಲ. ಕಿವಿಯಲ್ಲಿ ಹಳದಿ ಬಿಲ್ಲೆ ಇತ್ತು. ಬೀಗರ ಮುಂದೆ ನಂಬರು ಹಾಕಿದ ಕುರಿಯೇ, ಸರಕಾರದಿಂದ ಬೇಡಿ ತಂದ ಹಾಗೆ ಕಾಣುತ್ತದಲ್ಲ ಅಂತ ಬಿಲ್ಲೆಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ.

ಕೊಯ್ಯುವ ಮುಂಚೆ ಕುರಿಯನ್ನು ಅತಿಥಿಗಳ ಎದುರು ತಂದು ನಿಲ್ಲಿಸಿ ಆಶೀರ್ವಾದ ಪಡೆಯುವುದು ಕ್ರಮ. ಎಲ್ಲರೂ ಅಂಗಳಕ್ಕೆ ಬಂದು ಅಂಗೈ ಬಿಚ್ಚಿ ನಿಂತರು. ತೊರೋಬೆಕ್ ಕಣ್ಣು ಮುಚ್ಚಿ ಶುರು ಮಾಡಿದ. ಈ ಮನೆಗೆ ಸುಖವಾಗಲಿ, ಮಳೆ ಬರಲಿ, ಬೀನ್ಸಿಗೆ ಬೆಲೆ ಬರಲಿ. ಶಾಯ್ಲೂಬೆಕ್ ಕಣ್ಣು ಮುಚ್ಚಿದ್ದವನು, ಯಾವುದೋ ಬಿಸಿ ಉಸಿರು ಮೊಣಕಾಲಿಗೆ ತಗುಲಿದಂತಾಗಿ ಒಂದು ಕಣ್ಣು ತೆರೆದ. ಎದುರಿಗೆ ಇಪ್ಪತ್ತೊಂಬತ್ತನೇ ನಂಬರು ನಿಂತಿತ್ತು.

ಓಲೆ ಇಲ್ಲದಿದ್ದರೂ ಅವನು ಗುರುತು ಹಿಡಿಯದೆ ಇರುತ್ತಾನೆಯೇ. ಎಂಬತ್ತನಾಲ್ಕು ದಿನ ಕಾಳು ಬೇಯಿಸಿ ತಿನ್ನಿಸಿದ ಮುಖ. ಬೀನ್ಸ್ ದೊಡ್ಡಿಯ ಮರಿ. ನಿಲ್ಲಿಸಿ ಅನ್ನಲು ಬಾಯಿ ತೆರೆದ. ಆದರೆ ಆಶೀರ್ವಾದದ ನಡುವೆ ಬಾಯಿ ಹಾಕುವಂತಿಲ್ಲ, ಆಶೀರ್ವಾದ ಬಿದ್ದ ಕುರಿ ಮತ್ತೆ ಮಂದೆಗೆ ಹೋಗುವಂತಿಲ್ಲ. ಹಾಗೆ ವಾಪಸ್ಸು ಕಳಿಸಿದರೆ ಕೊಟ್ಟ ಆಶೀರ್ವಾದವನ್ನೇ ಮುಖಕ್ಕೆ ಎಸೆದ ಹಾಗೆ. ಈ ಆಶೀರ್ವಾದ ಮುಗಿಯದೇ ಇರಲಿ ಅಂತ ಅವನು ದೇವರಲ್ಲಿ ಬೇಡಿಕೊಂಡ. ತೊರೋಬೆಕ್ ಕೂಡ ಕೈಲಾದಷ್ಟು ಸಹಾಯ ಮಾಡಿದ, ಕಾಲುವೆ ನೀರು, ಕಾರ್ಖಾನೆ ಯಂತ್ರ, ಹೊಸ ಸೇತುವೆ ಎಲ್ಲಕ್ಕೂ ಹರಸಿದ. ಆದರೆ ಕೊನೆಗೆ ಅವನ ಬಳಿಯೂ ಸರಕು ಮುಗಿಯಿತು. ಎಲ್ಲರೂ ಆಮೀನ್ ಅಂದು ಮುಖ ಸವರಿಕೊಂಡರು.

ಅತಿಥಿಗಳು ಒಳಗೆ ಹೋದ ಮೇಲೆ ಶಾಯ್ಲೂಬೆಕ್ ಭಾಮೈದನ ಕಡೆ ತಿರುಗಿದ.

"ಇದರ ಓಲೆ ಎಲ್ಲಿ?"

"ಜೇಬಲ್ಲಿದೆ ಭಾವ. ಚೆನ್ನಾಗಿ ಕಾಣ್ತಿರ್ಲಿಲ್ಲ."

"ಚೆನ್ನಾಗಿ ಕಾಣ್ತಿರ್ಲಿಲ್ವಾ. ನಿನ್ನ ಮುಖ ನಲವತ್ತು ವರ್ಷದಿಂದ ಚೆನ್ನಾಗಿ ಕಾಣ್ತಿಲ್ಲ, ನಾವು ಕತ್ತರಿಸಿ ಜೇಬಿಗೆ ಹಾಕ್ಕೊಂಡ್ವಾ?"

ದೊಡ್ಡಿಯ ಹಿಂದೆ ಹೋಗಿ ಸಾಲ್ಕಿನ್‌ಗೆ ಫೋನು ಮಾಡಿದ. ನಡೆದದ್ದನ್ನು ಹೇಳಿದ.

"ಇನ್ನೂ ಜೀವ ಇದೆಯಾ ಬಾಯ್ಕೆ?"

"ಇದೆ ತಾಯಿ. ನನ್ನನ್ನೇ ನೋಡ್ತಾ ನಿಂತಿದೆ."

"ಹಾಗಾದ್ರೆ ಬೇರೆ ಕುರಿ ಕೊಯ್ಯಿರಿ."

"ಆಶೀರ್ವಾದ ಆಗೋಯ್ತು."

ಅವಳೂ ಕಿರ್ಗಿಜ್ ಮನೆಯ ಮಗಳೇ, ಎಷ್ಟು ಓದಿದರೂ ಹರಸಿದ ಕುರಿಯನ್ನು ಬಿಡುವಂತಿಲ್ಲವೆಂದು ಗೊತ್ತು. "ನಾನು ಬರೋವರೆಗೆ ಕತ್ತಿ ಹಾಕ್ಬೇಡಿ. ಮೊದಲು ರಕ್ತ ತಗೋಬೇಕು. ಆಮೇಲೆ ಬಾಲ, ಲಿವರು, ಗಂಟಲಿನ ಗ್ರಂಥಿ ಎಲ್ಲಾ ತೂಗ್ಬೇಕು. ಲಿವರು ನನಗೆ ಬೇಕು" ಅಂದಳು.

"ಲಿವರು ಬೀಗರು ತಿನ್ಬೇಕಲ್ಲ."

"ಅರ್ಧ ನನಗೆ."

"ಅರ್ಧ ಅವರಿಗೆ," ಅಂತ ಶಾಯ್ಲೂಬೆಕ್ ಒಪ್ಪಿದ.

ಪಟ್ಟಣದಿಂದ ಬರಲು ಒಂದು ಗಂಟೆ. ಅಷ್ಟು ಹೊತ್ತು ಬೀಗರಿಗೆ ಏನು ಹೇಳುವುದು? ಬುರುಲ್ ತಲೆವಸ್ತ್ರದ ತುದಿ ಕಚ್ಚಿಕೊಂಡು ಯೋಚಿಸಿ, "ಕತ್ತಿ ಮಸೀತಿದಾರೆ ಅಂತೀನಿ ಕಣ್ರೀ. ಆ ಹುಡುಗಿ ಬಂದ್ರೆ ನಮ್ಮ ನೆಂಟರ ಪೈಕಿ ಅನ್ನಿ. ಇದು ಹಾರ್ಮೋನು ಮರಿ ಅಂತ ಗೊತ್ತಾದ್ರೆ ಅವರು ಒಂದು ಚೂರು ಮುಟ್ಟಲ್ಲ, ಮಗಳ ಬದುಕು ಅಲ್ಲಿಗೆ ನಿಂತುಹೋಗುತ್ತೆ. ನಿಮ್ಮ ದಮ್ಮಯ್ಯ, ಬಾಯಿ ಬಿಡ್ಬೇಡಿ" ಅಂದಳು. ಬಾಯಿ ಬಿಡದಿರುವುದು ಶಾಯ್ಲೂಬೆಕ್‌ಗೆ ರೂಢಿಯೇ. ತಲೆಯಾಡಿಸಿದ.

ಎಸೆನ್‌ಕುಲ್ ಸಾಣೆಕಲ್ಲಿನ ಮುಂದೆ ಕೂತು ಮಸೆಯತೊಡಗಿದ. ಒಳಗಿದ್ದವರಿಗೆ ಕೇಳಲಿ ಅಂತ ಜೋರಾಗಿ ಮಸೆದ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಕತ್ತಿ ಸವೆದು ಹೆಣಿಗೆ ಕಡ್ಡಿಯಷ್ಟಾಗುತ್ತಾ ಬಂತು. ಆರು ಬಟ್ಟಲು ಚಹಾ ಕುಡಿದ ತೊರೋಬೆಕ್ ಎದ್ದು ಹೊರಗೆ ಬಂದ.

"ಏನಪ್ಪಾ ಇದು, ಕುರಿ ಕೊಯ್ಯೋಕೆ ಮಸೀತಿದೀರಾ, ಯುದ್ಧಕ್ಕೆ ಮಸೀತಿದೀರಾ?"

ಕತ್ತಿ ನೋಡಲು ಅವನು ಬಗ್ಗಿದ. ಬಗ್ಗಿದವನ ಹಿಂಭಾಗವನ್ನು ಇಪ್ಪತ್ತೊಂಬತ್ತನೇ ನಂಬರು ಕಂಡಿತು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಬಂದು ಗುಮ್ಮಿತು. ತೊರೋಬೆಕ್ ಹಂಡೆ ಒಲೆಯ ಬೂದಿಗುಡ್ಡೆಯಲ್ಲಿ ಮುಖ ಕೆಳಗಾಗಿ ಬಿದ್ದ. ಅವನನ್ನು ಎತ್ತಿ ನಿಲ್ಲಿಸುವ ಹೊತ್ತಿಗೆ ಗೇಟಿನ ಮುಂದೆ ಕಾರು ನಿಂತು ಸಾಲ್ಕಿನ್ ಇಳಿದಳು. ಮೈಮೇಲೆ ಬಿಳಿ ಕೋಟು, ಒಂದು ಕೈಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ, ಇನ್ನೊಂದರಲ್ಲಿ ಸೂಜಿ. ಅವಸರದಲ್ಲಿ ಕೋಟು ಬಿಚ್ಚುವುದನ್ನೇ ಮರೆತಿದ್ದಳು.

ತೊರೋಬೆಕ್ ಬೂದಿ ಬಡಿದ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಇವಳು ಯಾರು? ಆ ಹಾರ್ಮೋನಿನವಳಾ?"

"ಅಯ್ಯೋ, ಅಲ್ಲ ಕಣಣ್ಣ, ನಮ್ಮ ದೊಡ್ಡಮ್ಮನ ಕಡೆ ಹುಡುಗಿ," ಅಂದಳು ಬುರುಲ್.

"ಕತ್ತಿ ಮಸಿಯೋಕೆ ಬಂದಿದಾಳೆ," ಅಂದ ಎಸೆನ್‌ಕುಲ್.

ಎಲ್ಲರೂ ಶಾಯ್ಲೂಬೆಕ್‌ನ ಮುಖ ನೋಡಿದರು. ಹೂಂ ಅಂದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ಉಲ್ಕಾನ್ ಅಜ್ಜಿ ಕೋಲೂರಿ ನಿಂತಿದ್ದಳು, ಅವಳ ಹಿಂದೆ ಉಮ್ಸುನಾಯ್ ಚಹಾದ ಬಟ್ಟಲು ಹಿಡಿದು ನಿಂತಿದ್ದಳು. ಶಾಯ್ಲೂಬೆಕ್‌ನ ಜೀವಮಾನದಲ್ಲಿ ಮೊದಲ ಸಲ ಚೀಟಿಯ ಮೇಲೆ ಎರಡು ಹೆಸರು ಇದ್ದವು. ಹೂಂ ಅಂದರೆ ಮಗಳ ಮದುವೆ ಆಗುತ್ತದೆ. ಆದರೆ ಏನು ತಿನ್ನಿಸುತ್ತಿದ್ದೇನೆಂದು ಹೇಳದೆ ಬೀಗರ ಬಾಯಿಗೆ ತುತ್ತು ಇಟ್ಟ ಹಾಗಾಗುತ್ತದೆ.

"ಇವಳು ಹಾರ್ಮೋನಿನವಳೇ," ಅಂದ. "ಈ ಮರಿ ಅವಳದ್ದು. ಬೀನ್ಸ್ ತಿಂದ ಮರಿ, ಇಪ್ಪತ್ತೊಂಬತ್ತನೇ ನಂಬರು. ನಾನು ಬೇರೆ ಕಟ್ಟಿದ್ದೆ, ಇದು ತಪ್ಪಿ ಬಂತು. ನೀವು ಹರಸಿಬಿಟ್ರಿ, ಇನ್ನು ವಾಪಸ್ಸು ಕಳಿಸೋ ಹಾಗಿಲ್ಲ. ತಿನ್ನೋದು ಬಿಡೋದು ನಿಮ್ಮಿಷ್ಟ. ಮುಚ್ಚಿಟ್ಟು ತಿನ್ನಿಸಲ್ಲ."

ಬುರುಲ್ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ತೊರೋಬೆಕ್ ಟೋಪಿ ಹುಡುಕತೊಡಗಿದ. ಆಗ ಅಜ್ಜಿ ಬಾಯಿ ತೆರೆದಳು. ಬಂದಾಗಿನಿಂದ ಅದೇ ಮೊದಲ ಮಾತು.

"ಬೀನ್ಸ್ ಯಾರು ಬೇಯಿಸಿದ್ದು?"

"ನಾನು, ಅಜ್ಜಿ," ಅಂದಳು ಉಮ್ಸುನಾಯ್.

"ಎಷ್ಟು ಹೊತ್ತು?"

"ಗಡಿಯಾರ ನೋಡಲ್ಲ ಅಜ್ಜಿ. ಬೆರಳಲ್ಲಿ ಹಿಚುಕಿದ್ರೆ ಮೆತ್ತಗಾಗ್ಬೇಕು. ಆಮೇಲೆ ತಿಂದು ನೋಡ್ತೀನಿ."

"ದಿನಾ?"

"ದಿನಾ. ಎಂಬತ್ತನಾಲ್ಕು ಹಂಡೆ ಆಯ್ತು."

ಅಜ್ಜಿ ಸಾಲ್ಕಿನ್ ಕಡೆ ತಿರುಗಿದಳು. "ನೀನು ಹೇಳಮ್ಮ. ಬೀನ್ಸ್ ತಿಂದ ಟಗರಿಗೆ ಗಂಡಸುತನ ಕಮ್ಮಿಯಾಗುತ್ತಾ?"

ಸಾಲ್ಕಿನ್ ಸುಳ್ಳು ಹೇಳುವ ಜಾತಿಯಲ್ಲ. "ಕೊನೇ ಸಲದ ರಕ್ತ ಇನ್ನೂ ನೋಡ್ಬೇಕು ಅಜ್ಜಿ. ಇಲ್ಲೀವರೆಗೂ ಕಮ್ಮಿಯಾಗಿಲ್ಲ. ತೂಕದಲ್ಲೂ ಸೋಯಾದ ಸಮಕ್ಕೆ ಇವೆ."

"ನನ್ನ ಮಗನನ್ನ ಬೂದಿಯಲ್ಲಿ ಹೊರಳಿಸಿದ್ದು ಇದೇ ತಾನೇ?"

"ಇದೇ," ಅಂದರು ಎಲ್ಲರೂ.

"ಮತ್ತೆ ರಕ್ತದಲ್ಲಿ ಏನು ನೋಡ್ತೀಯಮ್ಮ," ಅಂದು ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿದಳು. "ತೊರೋಬೆಕ್, ಟೋಪಿ ಕೆಳಗಿಡು. ನಿನ್ನನ್ನ ಹೊತ್ತಾಗ ನಾನು ತಿಂದಿದ್ದು ಬರೀ ಬೀನ್ಸ್. ನಿನಗೆ ಗಡ್ಡ ಬಂದಿಲ್ವಾ? ಕುರಿಗೆ ಹಾಕೋದನ್ನ ದಿನಾ ತಿಂದು ನೋಡಿ ಹಾಕೋ ಹುಡುಗಿ, ನನ್ನ ಮೊಮ್ಮಗನಿಗೆ ಅರೆಬೆಂದದ್ದು ಬಡಿಸ್ತಾಳಾ? ಬಾಯಲ್ಲಿರೋ ಸುಳ್ಳು ಉಗುಳಿ ನಿಜ ಹೇಳೋ ಬೀಗ ನಿನಗೆ ಇನ್ನೆಲ್ಲಿ ಸಿಗ್ತಾನೆ? ಕೊಯ್ಯಿರಪ್ಪ. ನನಗೆ ಹಸಿವಾಗಿದೆ."

ಸಾಲ್ಕಿನ್ ಮರಿಯ ಕುತ್ತಿಗೆಯಿಂದ ರಕ್ತ ತೆಗೆದಳು. ಶಾಯ್ಲೂಬೆಕ್ ಮರಿಯ ಓಲೆಯಿಲ್ಲದ ಕಿವಿಯನ್ನು ಸವರಿ, ತಪ್ಪಾಯಿತು ಅಂತ ಅದಕ್ಕೆ ಮಾತ್ರ ಕೇಳುವಂತೆ ಹೇಳಿ ಕತ್ತಿ ತೆಗೆದುಕೊಂಡ. ಅಷ್ಟು ಹೊತ್ತು ಮಸೆದ ಕತ್ತಿ, ಮರಿಗೆ ಗೊತ್ತೂ ಆಗಲಿಲ್ಲ.

ಆಮೇಲೆ ನಡೆದಂಥ ನಿಶ್ಚಿತಾರ್ಥ ನಮ್ಮ ಕಣಿವೆಯಲ್ಲಿ ಹಿಂದೆ ನಡೆದಿಲ್ಲ. ಬಾಲವನ್ನು ತೂಗದೆ ಒಲೆಗೆ ಬಿಡುವುದಿಲ್ಲವೆಂದು ಸಾಲ್ಕಿನ್ ಹಿಡಿದು ನಿಂತಳು. ದೊಡ್ಡ ತಕ್ಕಡಿಗೆ ಗ್ರಾಂ ತಿಳಿಯುವುದಿಲ್ಲವೆಂದು ಕಾರಿನಿಂದ ತನ್ನ ಸಣ್ಣ ತಕ್ಕಡಿ ತಂದಳು. ತೊರೋಬೆಕ್ ಬಗ್ಗಿ ನೋಡಿ, ಈ ಸಲ ಮೊದಲು ಹಿಂದೆ ತಿರುಗಿ ನೋಡಿಕೊಂಡು, "ಎರಡು ಕಿಲೋಗೆ ನೂರು ಗ್ರಾಂ ಕಮ್ಮಿ" ಅಂತ ಗಟ್ಟಿಯಾಗಿ ಓದಿದ. ಲಿವರಿನ ಅರ್ಧ ಮಂಜುಗಡ್ಡೆಯ ಪೆಟ್ಟಿಗೆಗೆ, ಅರ್ಧ ಪಾತ್ರೆಗೆ ಹೋಯಿತು. ಅರ್ಧವೇ ಆದ್ದರಿಂದ ಬುರುಲ್ ಹೋಳುಗಳನ್ನು ಆಚೆ ಕಡೆ ಕಾಣುವಷ್ಟು ತೆಳ್ಳಗೆ ಕತ್ತರಿಸಿದಳು. ಅಜ್ಜಿ ತಾನೂ ತಿಂದು, ಮಗನಿಗೂ ತಿನ್ನಿಸಿ, ಕೊಬ್ಬಿನ ಜೊತೆ ಒಂದು ಹೋಳನ್ನು ಶಾಯ್ಲೂಬೆಕ್‌ನ ಬಾಯಿಗಿಟ್ಟಳು, ಒಂದನ್ನು ಬುರುಲ್‌ಗೆ, ಇನ್ನೊಂದನ್ನು ಸಾಲ್ಕಿನ್‌ಗೆ. "ನೀನೂ ಬೀಗತಿಯೇ ಕಣೇ, ನಿನ್ನ ಮರಿ ತಿಂದಿದೀವಿ," ಅಂದಳು. ಸಾಲ್ಕಿನ್ ಅಗಿಯುತ್ತಲೇ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಬಾಗಿಲ ಹಿಂದೆ ಉಮ್ಸುನಾಯ್ ಅಳುತ್ತಿದ್ದಳು, ಈ ಸಲ ಅಲ್ಲಿ ಹೊಗೆ ಇರಲಿಲ್ಲ.

ತೊಂಬತ್ತನೇ ದಿನ ಸಾಲ್ಕಿನ್ ಲಾರಿ ತಂದಳು. ಶಾಯ್ಲೂಬೆಕ್ ಒಂದೊಂದನ್ನೇ ತಕ್ಕಡಿ ಹತ್ತಿಸಿ ಇಳಿಸಿದ. ಮೂವತ್ತೈದು ಮರಿಗಳಾದ ಮೇಲೆ ಭಾಮೈದನಿಂದ ಇಸಿದುಕೊಂಡಿದ್ದ ಹಳದಿ ಓಲೆಯನ್ನು ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದ. ತಲೆ ಎತ್ತಲಿಲ್ಲ.

"ಮೂವತ್ತಾರು ಕೊಡ್ತೀನಿ ಅಂದಿದ್ದೆ ತಾಯಿ."

"ಅದು ನಿಮ್ಮ ಬೀಗರ ಮರಿ ಬಾಯ್ಕೆ, ನೀವೇ ಇಟ್ಕೊಳ್ಳಿ," ಅಂದಳು ಸಾಲ್ಕಿನ್.

ಚಳಿ ಕಳೆದ ಮೇಲೆ ರಾಜಧಾನಿ ಬಿಷ್ಕೆಕ್‌ನಲ್ಲಿ ಅವಳು ದೊಡ್ಡವರ ಮುಂದೆ ತನ್ನ ಕೆಲಸ ಮಂಡಿಸಬೇಕಿತ್ತು. ಶಾಯ್ಲೂಬೆಕ್‌ನನ್ನೂ ಕರೆದಿದ್ದಳು. ಅವನು ಬಿಳಿ ಟೋಪಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತ. ಬೇಯಿಸಿದ ಬೀನ್ಸ್ ತಿಂದ ಮರಿಗಳು ಸೋಯಾ ತಿಂದವುಗಳಷ್ಟೇ ಬೆಳೆದವು, ಅವುಗಳ ಹಾರ್ಮೋನಿನಲ್ಲಿ ಏರುಪೇರು ಕಾಣಲಿಲ್ಲ ಅಂತ ಅವಳು ಓದಿದಳು. ಮುಂದಿನ ಸಾಲಿನ ಹಿರಿಯ ಪ್ರೊಫೆಸರು ಕನ್ನಡಕ ಏರಿಸಿಕೊಂಡರು.

"ಬೀನ್ಸ್ ಗುಂಪಿನಲ್ಲಿ ಕೊನೆಗೆ ಹನ್ನೊಂದೇ ಇವೆ. ಒಂದು ಎಂಬತ್ತನಾಲ್ಕನೇ ದಿನ ಹೊರಗೆ ಹೋಗಿದೆ. ಯಾಕೆ? ರೋಗವಾ?"

ಸಾಲ್ಕಿನ್ ಪುಸ್ತಕದ ಪುಟ ಮಗುಚತೊಡಗಿದಳು. ಯಾರೂ ಕರೆಯದಿದ್ದರೂ ಶಾಯ್ಲೂಬೆಕ್ ಎದ್ದು ನಿಂತ.

"ರೋಗ ಅಲ್ಲ ಸ್ವಾಮಿ. ಬೀಗರು ಬಂದಿದ್ರು. ತಪ್ಪಿ ಅದರ ಮೇಲೆ ಆಶೀರ್ವಾದ ಆಗೋಯ್ತು."

ಪ್ರೊಫೆಸರು ಕನ್ನಡಕ ತೆಗೆದರು.

"ಪೂರ್ತಿ ಆಗಿತ್ತಾ?"

"ಪೂರ್ತಿ. ಹೊಸ ಸೇತುವೆವರೆಗೂ ಹೋಗಿತ್ತು."

"ಹಾಗಾದ್ರೆ ಏನೂ ಮಾಡೋ ಹಾಗಿರಲಿಲ್ಲ," ಅಂದರು ಪ್ರೊಫೆಸರು, ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಸರಿ ಗುರುತು ಹಾಕಿದರು. ಆಮೇಲೆ ಏನೋ ನೆನಪಾಗಿ ಹಿಂದೆ ತಿರುಗಿ, "ಮದುವೆ ಆಯ್ತಾ?" ಅಂತ ಕೇಳಿದರು.

"ಆಯ್ತು ಸ್ವಾಮಿ," ಅಂದ ಶಾಯ್ಲೂಬೆಕ್. "ಮಗಳು ಹಂಡೆನೂ ತಗೊಂಡೋದ್ಲು."